ಇಳಿದು ಬರುವವರ ಮಾತು

ಇವತ್ತು ಹೇಳಿಬಿಡಬೇಕು ಎಂದುಕೊಂಡೇ ಮಾನ್ಸು ಬಸ್ಸಿಳಿದಿದ್ದ. ಇಳಿದವನು ಮಾಡಿದ ಮೊದಲ ಕೆಲಸ ಮಗಳ ಶೂ ಲೇಸು ಬಿಚ್ಚಿ ಮತ್ತೆ ಕಟ್ಟಿದ್ದು. ಅದು ಸರಿಯಾಗಿಯೇ ಇತ್ತು. ಬೋಮಿ ಒಂದು ಕಾಲು ಮುಂದೆ ಚಾಚಿ, ಅಪ್ಪನ ತಲೆಯ ಮೇಲೆ ಕೈಯೂರಿಕೊಂಡು, ಬೆಟ್ಟದ ದಾರಿ ಶುರುವಾಗುವಲ್ಲಿ ನಿಲ್ಲಿಸಿದ್ದ ಫಲಕವನ್ನು ಗಟ್ಟಿಯಾಗಿ ಓದುತ್ತಿದ್ದಳು. ಕಳೆದ ತಿಂಗಳು ಒಂದನೇ ಕ್ಲಾಸಿಗೆ ಸೇರಿದಂದಿನಿಂದ ಅವಳ ಕಣ್ಣಿಗೆ ಬಿದ್ದ ಯಾವ ಅಕ್ಷರಕ್ಕೂ ಬಿಡುಗಡೆಯಿರಲಿಲ್ಲ. ಹಾಲಿನ ಪೊಟ್ಟಣ, ಲಿಫ್ಟಿನ ಗೋಡೆ, ಬಸ್ಸಿನಲ್ಲಿ ಮುಂದೆ ಕೂತವರ ಟೋಪಿ, ಎಲ್ಲವನ್ನೂ ಓದಿ ಮುಗಿಸಿಯೇ ಉಸಿರು ಬಿಡುತ್ತಿದ್ದಳು. "ಬೆಂಕಿ... ಹಚ್ಚ... ಬೇಡಿ. ಅಪ್ಪಾ, ನಾವು ಹಚ್ಚಲ್ಲ ಅಲ್ವಾ?" "ಹಚ್ಚಲ್ಲ." "ಸಿಗರೇಟು?" "ಬಿಟ್ಟುಬಿಟ್ಟಿದೀನಲ್ಲ." ಅವಳು ಅವನ ಜೇಬಿನ ಕಡೆ ಒಮ್ಮೆ ನೋಡಿದಳು, ಏನೂ ಅನ್ನಲಿಲ್ಲ. ಹೀಗೆ ನೋಡಿ ಏನೂ ಅನ್ನದೆ ಇರುವುದು ಇತ್ತೀಚೆಗೆ ಅವಳಿಗೆ ಅಂಟಿಕೊಂಡ ಅಭ್ಯಾಸ. ಯಾರಿಂದ ಬಂದದ್ದು ಎಂದು ಮಾನ್ಸು ಯೋಚಿಸಲು ಹೋಗಿರಲಿಲ್ಲ.

ಭಾನುವಾರ. ಬಸ್ಸಿನ ತುಂಬ ಬೆಟ್ಟ ಹತ್ತುವವರೇ. ನಮ್ಮ ಜನ ಮನೆಯ ಹಿಂದಿನ ದಿಬ್ಬಕ್ಕೆ ಹೊರಟರೂ ಹಿಮಾಲಯಕ್ಕೆ ಹೊರಟವರ ಹಾಗೆ ಸಜ್ಜಾಗುತ್ತಾರೆ. ಗುಲಾಬಿ, ಹಸಿರು, ನೇರಳೆ ಜಾಕೆಟ್ಟುಗಳು, ಎರಡೂ ಕೈಯಲ್ಲಿ ಊರುಗೋಲು, ಮುಖಕ್ಕೆ ಬಟ್ಟೆ. ಅವರ ನಡುವೆ ಆಫೀಸಿಗೆ ಹಾಕಿಕೊಂಡು ಹೋಗುವ ಪ್ಯಾಂಟಿನಲ್ಲಿ, ಮಗಳ ಶಾಲೆಯ ಚೀಲವನ್ನು ಎದೆಗೆ ತಗುಲಿಸಿಕೊಂಡು ನಿಂತ ಮಾನ್ಸುವಿಗೆ ತಾನು ದಾರಿ ತಪ್ಪಿ ಬಂದವನ ಹಾಗೆ ಕಾಣುತ್ತಿದ್ದೇನೆ ಅನ್ನಿಸಿತು. ಗುಕ್ಸಾಬೊಂಗ್ ದೊಡ್ಡ ಬೆಟ್ಟವೇನಲ್ಲ. ಹೆಂಡತಿ ಯೊನ್‌ಜಿ ಮದುವೆಗೆ ಮುಂಚೆ ಅವನನ್ನು ಇಲ್ಲಿಗೇ ಕರೆತಂದಿದ್ದಳು, ಇವನು ಅರ್ಧ ದಾರಿಯಲ್ಲಿ ಕುಸಿದು ಕೂತದ್ದನ್ನು ಮುಂದೆ ವರ್ಷಗಟ್ಟಲೆ ನೆಂಟರ ಮುಂದೆಲ್ಲ ಆಡಿಕೊಂಡು ನಕ್ಕಿದ್ದಳು. ಈಗ ಅವಳು ಇದೇ ಬೆಟ್ಟದ ಪೂರ್ವದ ಮಗ್ಗುಲಲ್ಲಿ, ಒಂದು ಪೈನ್ ಮರದ ಬುಡದಲ್ಲಿ, ಹಿಡಿ ಬೂದಿಯಾಗಿ ಇದ್ದಾಳೆ. ಅದು ಬೋಮಿಗೆ ಗೊತ್ತಿಲ್ಲ. ಬೋಮಿಯ ಪಾಲಿಗೆ ಅಮ್ಮ ಅಮೆರಿಕಾದಲ್ಲಿದ್ದಾಳೆ.

ಅದು ಮಾನ್ಸುವಿನ ಅಕ್ಕನ ತೀರ್ಮಾನ. ಹೋದ ಶರತ್ಕಾಲದಲ್ಲಿ, ಯೊನ್‌ಜಿಯ ಫೋಟೊಕ್ಕೆ ಕಪ್ಪು ಪಟ್ಟಿ ಕಟ್ಟಿದ ಕೋಣೆಯಲ್ಲಿ ಬಂದವರಿಗೆಲ್ಲ ಗೋಮಾಂಸದ ಬಿಸಿ ಸಾರು ಬಡಿಸುತ್ತಲೇ ಅಕ್ಕ ಹೇಳಿದ್ದಳು, "ಮಗೂಗೆ ಏನೂ ಹೇಳ್ಬೇಡ. ಓದೋಕೆ ಅಮೆರಿಕಾಗೆ ಹೋಗಿದಾಳೆ ಅನ್ನು. ದೊಡ್ಡವಳಾದ್ಮೇಲೆ ತಾನಾಗೇ ತಿಳ್ಕೊತಾಳೆ. ನಮ್ಮ ಓಣೀಲಿ ಎಷ್ಟು ಮಕ್ಕಳ ಅಮ್ಮಂದಿರು ಅಮೆರಿಕಾಗೆ ಹೋಗಿಲ್ಲ!" ನಿಜ, ಸತ್ತವರೂ, ಬಿಟ್ಟು ಹೋದವರೂ, ಜೈಲಿಗೆ ಹೋದವರೂ ನಮ್ಮಲ್ಲಿ ಮಕ್ಕಳ ಪಾಲಿಗೆ ಹೋಗುವುದು ಆ ಒಂದೇ ದೇಶಕ್ಕೆ. ಬೋಮಿ ಅಂತ್ಯಸಂಸ್ಕಾರದ ಆ ಮೂರು ದಿನ ಗುನ್ಸಾನ್‌ನ ಅತ್ತೆಯ ಮನೆಯಲ್ಲಿ, ಇದೇ ಅಕ್ಕನ ಮಕ್ಕಳ ಜೊತೆ, ಸಮುದ್ರ ನೋಡುತ್ತಿದ್ದಳು. ಅವಳು ಮರಳುವಷ್ಟರಲ್ಲಿ ಅಕ್ಕ ಯೊನ್‌ಜಿಯ ಬಟ್ಟೆ, ಚಪ್ಪಲಿ, ಬಾಚಣಿಗೆ ಎಲ್ಲವನ್ನೂ ಗೋಣಿಯಲ್ಲಿ ತುಂಬಿ ಸುಡಲು ಕಳಿಸಿಯಾಗಿತ್ತು. ಸತ್ತವರ ಸಾಮಾನು ಮನೆಯಲ್ಲಿರಬಾರದು, ಅದೂ ಸರಿಯೇ. ಮಾನ್ಸು ಗೋಣಿಯೊಳಗೆ ಕೈಹಾಕಿ ಅವಳ ಕನ್ನಡಕವೊಂದನ್ನು ಮಾತ್ರ ಎತ್ತಿಕೊಂಡು, ತನ್ನ ಮೇಜಿನ ಡ್ರಾಯರಿನಲ್ಲಿ ಹಳೆಯ ಬ್ಯಾಟರಿಗಳ ಹಿಂದೆ ತಳ್ಳಿದ್ದ. ಅಕ್ಕನ ಮಾತಿಗೆ ಅವನು ಹ್ಞೂಂ ಅಂದಿರಲಿಲ್ಲ, ಊಹೂಂ ಅಂದಿರಲಿಲ್ಲ, ಸುಮ್ಮನೆ ತಲೆಯಾಡಿಸಿದ್ದ. ಆಮೇಲೆ ಬೋಮಿ ಕೇಳಿದಾಗಲೆಲ್ಲ ಆ ತಲೆಯಾಡಿಸುವಿಕೆಗೆ ಮಾತು ಜೋಡಿಸುತ್ತ ಹೋದ. ಅಲ್ಲಿ ಈಗ ರಾತ್ರಿ. ಅಲ್ಲಿ ಈಗ ಪರೀಕ್ಷೆ. ಇನ್ನೇನು ಬಂದುಬಿಡ್ತಾಳೆ. ಮೊನ್ನೆ ಟೀಚರ್ ಫೋನ್ ಮಾಡಿದ್ದರು: "ಮುಂದಿನ ತಿಂಗಳು ಆಟೋಟದ ದಿನ ಅಮೆರಿಕಾದಿಂದ ಅಮ್ಮ ಬರ್ತಾರಂತೆ, ಬೋಮಿ ಕ್ಲಾಸಿಗೆಲ್ಲ ಹೇಳಿದಾಳೆ. ತಾಯಂದಿರ ಹಗ್ಗಜಗ್ಗಾಟಕ್ಕೆ ಅವರ ಹೆಸರು ಬರ್ಕೊಳ್ಲಾ?" ಬರೆದುಕೊಳ್ಳಿ ಅಂದುಬಿಟ್ಟಿದ್ದ. ಫೋನ್ ಇಟ್ಟ ಮೇಲೆ ತನ್ನ ಮೇಲೆ ತನಗೇ ಹೇಸಿಗೆಯಾಗಿತ್ತು.

"ಅಪ್ಪಾ, ಇನ್ನೂ ಎಷ್ಟು ದೂರ?" ಹೊರಟು ಹೆಚ್ಚು ಹೊತ್ತೇನೂ ಆಗಿರಲಿಲ್ಲ. ಅವನು ಬಾಯಿ ತೆರೆಯುವ ಮೊದಲೇ ಮೇಲಿನಿಂದ ಇಳಿದು ಬರುತ್ತಿದ್ದ ಮುದುಕರೊಬ್ಬರು ಕೋಲು ಎತ್ತಿ ಕೂಗಿದರು, "ಇನ್ನೇನು ಬಂದೇಬಿಡ್ತು, ಪುಟ್ಟೀ! ಹತ್ತೇ ಹತ್ತು ನಿಮಿಷ!" ಬೋಮಿ ಕುಣಿದುಕೊಂಡು ಮುಂದೆ ಹೋದಳು. ಹತ್ತು ನಿಮಿಷವಂತೆ. ಒಂದು ಗಂಟೆಗಿಂತ ಒಂದು ಹೆಜ್ಜೆ ಕಡಿಮೆಯಾಗದ ದಾರಿ. ಬೆಟ್ಟದಿಂದ ಇಳಿದು ಬರುವವರು ಹತ್ತುವವರಿಗೆ ಹೇಳುವ ಸುಳ್ಳು ಇದು, ಈ ದೇಶದಲ್ಲಿ ಇದನ್ನು ಯಾರೂ ಸುಳ್ಳೆಂದು ಲೆಕ್ಕಕ್ಕಿಡುವುದಿಲ್ಲ. ಹತ್ತುವವರಿಗೂ ಗೊತ್ತು, ಇಳಿಯುವವರಿಗೂ ಗೊತ್ತು. ನಿಜ ಹೇಳಿದವನನ್ನೇ ಒರಟ ಅನ್ನುತ್ತಾರೆ. ಆಸ್ಪತ್ರೆಯ ಆರನೇ ಮಹಡಿಯಲ್ಲಿ, ಕೂದಲುದುರಿದ ತಲೆಗೆ ಉಣ್ಣೆ ಟೋಪಿ ಹಾಕಿಕೊಂಡಿದ್ದ ಯೊನ್‌ಜಿಗೆ ಅವನು ದಿನವೂ ಹೇಳುತ್ತಿದ್ದದ್ದು ಇದನ್ನೇ. ಇನ್ನೇನು ಮುಗೀತು. ಇದೊಂದು ಸುತ್ತು ಔಷಧಿ ಆದ್ರೆ ಆಯ್ತು. ಡಾಕ್ಟರು ಬಾಗಿಲ ಹೊರಗೆ ಹೇಳಿದ್ದೇ ಬೇರೆ. ಯೊನ್‌ಜಿ ಕನ್ನಡಕ ತೆಗೆದು ಟೋಪಿಯ ಅಂಚಿನಲ್ಲಿ ಒರೆಸುತ್ತ, ಕನ್ನಡಕವಿಲ್ಲದ ಮಂಜುಗಣ್ಣಿನಿಂದ ಅವನು ಇರಬಹುದಾದ ಕಡೆಗೆ ನೋಡಿ, "ಹೌದು, ಇನ್ನೇನು ಮುಗೀತು" ಅನ್ನುತ್ತಿದ್ದಳು. ನಂಬಿದ್ದಾಳೆ ಎಂದು ಅವನು ಮನೆಗೆ ಬಂದು ನಿದ್ದೆ ಮಾಡುತ್ತಿದ್ದ. ಹೌದು, ನಿದ್ದೆ ಮಾಡುತ್ತಿದ್ದ.

ಊಟೆಯ ಹತ್ತಿರ ಜನ ನಿಂತು ನೀರು ಕುಡಿಯುತ್ತಿದ್ದರು. ಕಲ್ಲಿನ ತೊಟ್ಟಿಯ ಮೇಲೆ ಪ್ಲಾಸ್ಟಿಕ್ ಸೌಟುಗಳನ್ನು ನೇತುಹಾಕಿದ್ದರು, ಬೋಮಿ ಅದರ ಮೇಲಿನ ಚೀಟಿ ಓದಿದಳು: "ಕುಡಿದು... ತೊಳೆದಿಡಿ." ಚಾಪೆ ಹಾಸಿ ಕೂತಿದ್ದ ನಾಲ್ಕು ಹೆಂಗಸರ ಗುಂಪು ಅವಳನ್ನು ಎಳೆದು ಕೂರಿಸಿಕೊಂಡಿತು. ಗುಂಪಿನ ಯಜಮಾನಿಯಂತಿದ್ದ ನೇರಳೆ ಜಾಕೆಟ್ಟಿನ ಹೆಂಗಸು ಸೌತೆಕಾಯಿ ಮುರಿದು ಅರ್ಧ ಅವಳ ಕೈಗೆ, ಅರ್ಧ ಮಾನ್ಸುವಿನ ಕೈಗೆ ತುರುಕಿದಳು.

"ಅಯ್ಯೋ ನನ್ನ ಬಂಗಾರ, ಈ ಪುಟ್ಟ ಕಾಲಲ್ಲಿ ಹತ್ತಿಬಂದ್ಯಾ! ಅಮ್ಮ ಎಲ್ಲಿ? ಮನೇಲಿ ಬಿದ್ಕೊಂಡಿದಾಳಾ?"

"ಅಮ್ಮ ಅಮೆರಿಕಾದಲ್ಲಿ ಓದ್ತಿದಾಳೆ," ಬೋಮಿ ಪಾಠ ಒಪ್ಪಿಸಿದಳು.

"ನೋಡ್ರೇ! ಹೆಂಡ್ತಿ ಓದೋಕೆ, ಗಂಡ ಮಗು ನೋಡ್ಕೊಳ್ಳೋಕೆ. ಹೆಬ್ಬಾತು ಅಪ್ಪಂದಿರನ್ನ ಕಂಡಿದೀವಿ, ಮರಿ ಕಟ್ಕೊಂಡ ಹೆಬ್ಬಾತನ್ನ ಇವತ್ತೇ ನೋಡಿದ್ದು!"

ಹೆಂಗಸರು ಗೊಳ್ಳೆಂದು ನಕ್ಕರು. ಹೆಂಡತಿ ಮಕ್ಕಳನ್ನು ಹೊರದೇಶಕ್ಕೆ ಅಟ್ಟಿ, ಇಲ್ಲಿ ಒಂಟಿಯಾಗಿ ಬೇಯಿಸಿಕೊಂಡು ದುಡ್ಡು ಕಳಿಸುವ ಗಂಡಸರಿಗೆ ನಮ್ಮಲ್ಲಿ ಹಾಗೆ ಹೆಸರು. ಮಾನ್ಸುವೂ ನಕ್ಕ. ನಗುವಾಗ ಬಾಯಲ್ಲಿದ್ದ ಸೌತೆಕಾಯಿ ಗಂಟಲಿಗೆ ಸಿಕ್ಕಿ ಕೆಮ್ಮು ಬಂತು, ಒಬ್ಬಳು ಬೆನ್ನಿಗೆ ಗುದ್ದಿದಳು, ಇನ್ನೊಬ್ಬಳು ನೀರು ತಂದಳು. ಅಪರಿಚಿತ ಹೆಂಗಸರ ನಡುವೆ ಕಣ್ಣಲ್ಲಿ ನೀರು ಸುರಿಸಿಕೊಂಡು ನಿಂತವನನ್ನು ಬೋಮಿ ನೋಡುತ್ತಿದ್ದಳು. ಇವಳ ಮುಂದೆ ಇನ್ನೆಷ್ಟು ಸಲ ಸಣ್ಣವನಾಗಬೇಕೋ ಎಂದುಕೊಂಡ. ಎದ್ದು ಹೊರಟಾಗ ನೇರಳೆ ಜಾಕೆಟ್ಟಿನವಳು ಹಿಂದಿನಿಂದ, "ಮೇಲೆ ಸಿಗೋಣ, ಹೆಬ್ಬಾತಪ್ಪಾ!" ಎಂದಳು.

ಊಟೆ ದಾಟಿದ ಮೇಲೆ ದಾರಿ ಕವಲೊಡೆಯುತ್ತದೆ. ಎಡಕ್ಕೆ ತುದಿ. ಬಲಕ್ಕೆ, ಬೆಟ್ಟದ ಹೊಟ್ಟೆಯನ್ನು ಬಳಸಿಕೊಂಡು ಹೋಗುವ ಕಿರುದಾರಿ. ಮಾನ್ಸು ಇಷ್ಟು ದಿನ ಬಂದದ್ದೆಲ್ಲ ಬಲಕ್ಕೆ. ಆಫೀಸಿಗೆ ಹೋಗುತ್ತೇನೆಂದು ಹೊರಟು ಇಲ್ಲಿಗೆ ಬಂದು, ಮರದ ಬುಡದಲ್ಲಿ ಒಂದಿಷ್ಟು ಹೊತ್ತು ನಿಂತು, ಮಧ್ಯಾಹ್ನದ ಹೊತ್ತಿಗೆ ತಲೆನೋವಿನ ನೆಪ ಹೇಳಿಕೊಂಡು ಆಫೀಸು ಸೇರುತ್ತಿದ್ದ. ಇವತ್ತು ಮನೆಯಲ್ಲಿ ಯೋಚಿಸಿದ್ದು ಸರಳವಾಗಿತ್ತು. ಇಲ್ಲಿಗೆ ಬಂದಾಗ ಬಲಕ್ಕೆ ತಿರುಗುವುದು, ನಡೆಯುತ್ತ ನಡೆಯುತ್ತ ಹೇಳುವುದು. ಬೋಮಿ ಕವಲಿನ ಫಲಕದ ಮುಂದೆ ನಿಂತಳು. "ಸ್ಮ... ರ... ಣೆಯ ವನ. ಸ್ಮರಣೆ ಅಂದ್ರೇನಪ್ಪಾ?" ಅಲ್ಲಿಗೆ ಹೋದರೆ ಇವಳು ಪ್ರತಿ ಮರದ ಬುಡದ ಹೆಸರನ್ನೂ ಓದುತ್ತ ಹೋಗುತ್ತಾಳೆ, ಕೊನೆಗೊಂದು ಮರದ ಮುಂದೆ ನಿಲ್ಲುತ್ತಾಳೆ, ಮನೆತನವೂ ಸೇರಿದ ಅಮ್ಮನ ಹೆಸರಿನ ಆ ಮೂರಕ್ಷರ ಅವಳಿಗೆ ಚೆನ್ನಾಗಿ ಬರುತ್ತವೆ, ಅವಳು ಮೊದಲು ಬರೆಯಲು ಕಲಿತದ್ದೇ ಅವನ್ನು. "ಅಲ್ಲೇನಿಲ್ಲ, ಬರೀ ಮರಗಳು. ತುದಿಗೆ ಹೋಗೋಣ ಬಾ, ಫೋಟೊ ತೆಗೆಸ್ಕೊಳ್ಳೋಣ," ಅಂದ. ತನ್ನ ದನಿ ಎಷ್ಟು ಹುರುಪಿನಿಂದ ಬಂತೆಂದರೆ ಅವನಿಗೇ ಅಸಹ್ಯವಾಯಿತು. ಬೋಮಿ ಬಲಗಡೆಯ ದಾರಿಯನ್ನು ಒಮ್ಮೆ ನೋಡಿ, ಏನೂ ಅನ್ನದೆ ಎಡಕ್ಕೆ ಹೊರಟಳು.

ಕಡಿದಾದ ಕಡೆ ಹಗ್ಗ ಕಟ್ಟಿದ್ದರು. ಅವಳನ್ನು ಮುಂದೆ ಬಿಟ್ಟು, ಜಾರಿದರೆ ಹಿಡಿಯಲೆಂದು ಎರಡೂ ಕೈಯನ್ನು ಅವಳ ಸೊಂಟದ ಹತ್ತಿರವೇ ಇಟ್ಟುಕೊಂಡು ಹತ್ತಿದ. ಅವಳು ಜಾರಲಿಲ್ಲ, ಅವನೇ ಜಾರಿ ಮೊಣಕಾಲು ತರಚಿಕೊಂಡ. ಬಂಡೆಯ ನೆರಳಲ್ಲಿ ಕೂತು ಗಿಂಬಾಪ್ ಬಿಚ್ಚಿದರು. ಬೆಳಿಗ್ಗೆ ಬಸ್ ಸ್ಟಾಂಡಿನ ಅಂಗಡಿಯಲ್ಲಿ ಕಟ್ಟಿಸಿಕೊಂಡದ್ದು. ಕಡಲಪಾಚಿಯ ಹಾಳೆಯಲ್ಲಿ ಅನ್ನ ಸುತ್ತುವುದನ್ನು ಅವನು ಎರಡು ಸಲ ಮನೆಯಲ್ಲಿ ಮಾಡಲು ಹೋಗಿ ಎರಡು ಸಲವೂ ಚಮಚದಲ್ಲಿ ತಿನ್ನುವಂತಾಗಿತ್ತು. ತಿಂದು ಮುಗಿಯುವ ಹೊತ್ತಿಗೆ ಅವನಿಗೆ ನೆನಪಾಯಿತು: ಬೋಮಿ ಕ್ಯಾರೆಟ್ ತಿನ್ನುವುದಿಲ್ಲ. ಯೊನ್‌ಜಿ ಅವಳಿಗೆಂದೇ ಕ್ಯಾರೆಟ್ ಇಲ್ಲದ ಒಂದು ಸುರುಳಿ ಬೇರೆ ಸುತ್ತುತ್ತಿದ್ದಳು, ಹೋಟೆಲಿನಲ್ಲಾದರೆ ಈ ಹುಡುಗಿ ಒಂದೊಂದು ತುಂಡನ್ನೂ ಕಡ್ಡಿಯಿಂದ ಚುಚ್ಚಿ ಹೊರಗೆಳೆದು ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸಿ ರಂಪ ಮಾಡುತ್ತಿದ್ದಳು. ಡಬ್ಬಿ ನೋಡಿದ. ಖಾಲಿ. ಒಂದು ಚೂರು ಕ್ಯಾರೆಟ್ಟೂ ಉಳಿದಿರಲಿಲ್ಲ. "ಕ್ಯಾರೆಟ್ ತಿಂದ್ಯಾ?" "ಹ್ಞೂಂ." "ಯಾವಾಗಿಂದ?" "ಮೊದ್ಲಿಂದ," ಎಂದು ಸುಳ್ಳು ಹೇಳಿ ಅವಳು ಬಾರ್ಲಿ ನೀರು ಕುಡಿದಳು. ದಾರಿಯ ಬದಿಯಲ್ಲಿ ಹತ್ತಿಹೋದವರೆಲ್ಲ ಒಂದರ ಮೇಲೊಂದು ಪೇರಿಸಿದ ಕಲ್ಲಿನ ಗುಪ್ಪೆಯಿತ್ತು. ಬೋಮಿ ಬಹಳ ಹುಡುಕಿ ಚಪ್ಪಟೆ ಕಲ್ಲೊಂದನ್ನು ತಂದು, ಉಸಿರು ಹಿಡಿದು ಮೇಲಿಟ್ಟು, ಕಣ್ಣು ಮುಚ್ಚಿದಳು. ಏನು ಕೇಳಿಕೊಂಡೆ ಎಂದು ಅವನು ಕೇಳಲಿಲ್ಲ. ಅಮ್ಮ ಬರಲಿ ಎಂದೇ ಕೇಳಿಕೊಂಡಿರುತ್ತಾಳೆ ಎಂದು ಅವನಿಗೆ ಖಾತ್ರಿಯಿತ್ತು.

ತುದಿಯಲ್ಲಿ ಬೆಟ್ಟದ ಹೆಸರು ಕೆತ್ತಿದ ಕಲ್ಲಿನ ಮುಂದೆ ಫೋಟೊಕ್ಕೆ ಸಾಲು. ನೇರಳೆ ಜಾಕೆಟ್ಟಿನವಳು ಅವರನ್ನು ಕಂಡದ್ದೇ ಸಾಲು ಮುರಿದು ಮುಂದೆ ಎಳೆದುಕೊಂಡು ಹೋದಳು. "ಮಗು ಇದೆ, ಬಿಡ್ರೀ!" ಮಾನ್ಸುವಿನ ಫೋನನ್ನು ತಾನೇ ಕಸಿದುಕೊಂಡು, ನಗಿ, ಇನ್ನೂ ನಗಿ, ಅಪ್ಪ ಏನು ಹೊಟ್ಟೆನೋವು ಬಂದೋರ ಹಾಗೆ ನಿಂತಿದೀರಿ ಎಂದು ಜಬರಿಸಿ ಐದಾರು ಫೋಟೊ ತೆಗೆದಳು. ಅಷ್ಟಕ್ಕೇ ಬಿಡಲಿಲ್ಲ.

"ಈಗ್ಲೇ ಅಮ್ಮಂಗೆ ಫೋನ್ ಹಚ್ಚಿ, ವಿಡಿಯೊದಲ್ಲಿ ತೋರಿಸಿ. ಮಗಳು ಬೆಟ್ಟದ ತುದೀಲಿ ನಿಂತಿರೋದು ನೋಡಿದ್ರೆ ಆ ತಾಯಿಗೆ ಎಷ್ಟು ಖುಷಿ ಆಗಲ್ಲ!"

"ಇಲ್ಲಿ ಸಿಗ್ನಲ್..." ಮಾನ್ಸು ತೊದಲಿದ.

"ಯಾವ ಕಾಲದಲ್ಲಿದೀರಿ? ಈ ದೇಶದಲ್ಲಿ ಸಿಗ್ನಲ್ ಸಿಗದೇ ಇರೋ ಬೆಟ್ಟ ಇದ್ಯಾ? ನಾನು ಈಗಷ್ಟೇ ಸೊಸೆಗೆ ಬೈದೆ! ಎಲ್ಲಿ, ಹೆಸರು ಹೇಳಿ, ನಾನೇ ಹಚ್ತೀನಿ."

ಹೆಂಗಸರೆಲ್ಲ ಸುತ್ತ ನೆರೆದಿದ್ದರು. ಅವಳ ಬೆರಳು ಅವನ ಫೋನಿನ ಮೇಲಿತ್ತು. ಯೊನ್‌ಜಿಯ ನಂಬರನ್ನು ಅವನು ಅಳಿಸಿರಲಿಲ್ಲ, ಒತ್ತಿದರೆ ಈ ನಂಬರ್ ಚಾಲ್ತಿಯಲ್ಲಿಲ್ಲ ಎಂಬ ಹೆಣ್ಣುದನಿ ಬೆಟ್ಟದ ತುದಿಯಲ್ಲಿ ಎಲ್ಲರಿಗೂ ಕೇಳುತ್ತಿತ್ತು. ಅವನು ಕೈ ಚಾಚಿದ. ಆಗ ಬೋಮಿ ಮುಂದೆ ಬಂದು ಎರಡೂ ಕೈಯಿಂದ ಫೋನನ್ನು ತೆಗೆದುಕೊಂಡಳು. ನಕ್ಕಳು ಕೂಡ.

"ಬೇಡ ಅಜ್ಜಿ. ಅಲ್ಲೀಗ ರಾತ್ರಿ. ಅಮ್ಮಂಗೆ ನಾಳೆ ಪರೀಕ್ಷೆ ಇದೆ, ಎಬ್ಬಿಸ್ಬಾರ್ದು."

"ಎಂಥಾ ಜಾಣೆ ನೋಡ್ರೇ!" ಎಂದು ಹೆಂಗಸರು ಅವಳ ಕೆನ್ನೆ ಹಿಂಡಿದರು. ಬೋಮಿ ಫೋನನ್ನು ಅಪ್ಪನ ಜೇಬಿಗೆ ಹಾಕಿ, ಜೇಬಿನ ಮೇಲೆ ಒಮ್ಮೆ ತಟ್ಟಿದಳು. ಆ ತಟ್ಟುವಿಕೆ ಮಾನ್ಸುವಿಗೆ ಗೊತ್ತಿತ್ತು. ಆರನೇ ಮಹಡಿಯಲ್ಲಿ, ಇನ್ನೇನು ಮುಗೀತು ಎಂದು ಹೇಳಿದ ಮೇಲೆ ಯೊನ್‌ಜಿ ಅವನ ಕೈಯ ಮೇಲೆ ತಟ್ಟುತ್ತಿದ್ದದ್ದು ಹೀಗೆಯೇ. ನಂಬಿದವರು ಹಾಗೆ ತಟ್ಟುವುದಿಲ್ಲ. ನಂಬಿದವರು ಎಷ್ಟು ದಿನ, ಯಾವಾಗ, ಖಂಡಿತವಾ ಎಂದು ಕೇಳುತ್ತಾರೆ. ಮಗಳು ಹಾಗೆ ಕೇಳಿ ಎಷ್ಟು ತಿಂಗಳಾಯಿತು ಎಂದು ನೆನಪಿಸಿಕೊಳ್ಳಲು ಹೋದ, ನೆನಪಾಗಲಿಲ್ಲ. ಕಾಲಡಿಯ ಊರು, ಅಪಾರ್ಟ್‌ಮೆಂಟುಗಳು, ಭತ್ತದ ಗದ್ದೆಗಳ ನೀರು ಎಲ್ಲ ಬಿಸಿಲಿಗೆ ಹೊಳೆಯುತ್ತಿದ್ದವು, ಅವನಿಗೆ ಭಯವಾಯಿತು.

ಇಬ್ಬರೂ ಇಳಿಯತೊಡಗಿದರು. ಏದುಸಿರು ಬಿಡುತ್ತ ಹತ್ತಿ ಬರುತ್ತಿದ್ದ ದಪ್ಪನೆಯ ಗಂಡಸೊಬ್ಬ, "ಪುಟ್ಟೀ, ಇನ್ನೂ ಎಷ್ಟಮ್ಮಾ?" ಎಂದು ಕೇಳಿದ. "ಇನ್ನೇನು ಬಂದೇಬಿಡ್ತು ಮಾಮಾ, ಹತ್ತೇ ನಿಮಿಷ!" ಎಂದಳು ಬೋಮಿ. ಅವನು ದಾಟಿಹೋದ ಮೇಲೆ ತಿರುಗಿ ನೋಡಿ, "ಪಾಪ," ಅಂದಳು. ಕವಲಿನ ಫಲಕ ಬಂತು. ಮಾನ್ಸು ನಿಂತ. ಬೋಮಿಯೂ ನಿಂತಳು, ಈ ಸಲ ಫಲಕ ಓದಲಿಲ್ಲ.

"ಇಲ್ಲಿಗೆ ಹೋಗೋಣ್ವಾ?"

"ಹ್ಞೂಂ," ಎಂದವಳೇ ಮುಂದಾದಳು.

ಕಿರುದಾರಿಯಲ್ಲಿ ಜನವಿರಲಿಲ್ಲ. ಎದುರಿಗೆ ಬಂದ ಗಂಡ ಹೆಂಡತಿ ಇಬ್ಬರೂ ತಲೆ ತಗ್ಗಿಸಿಕೊಂಡೇ ದಾಟಿಹೋದರು. ಈ ದಾರಿಯಿಂದ ಮರಳುವವರು ಇನ್ನೇನು ಬಂತು ಎಂದು ಯಾರಿಗೂ ಹೇಳುವುದಿಲ್ಲ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಮಾನ್ಸುವಿನ ಹೆಜ್ಜೆ ನಿಧಾನವಾಯಿತು. ಮೊಣಕಾಲು ನೋಯುತ್ತಿದೆ ಎಂದು ಕಲ್ಲೊಂದರ ಮೇಲೆ ಕೂತ. ವಾಪಸ್ ಹೋಗಿಬಿಡೋಣ, ಮುಂದಿನ ವಾರ ಬರೋಣ, ಆಟೋಟ ಮುಗಿಯಲಿ ಎಂದು ಮನಸ್ಸು ಆಗಲೇ ಹೊಸ ಸುಳ್ಳಿಗೆ ಮಾತು ಹುಡುಕುತ್ತಿತ್ತು. ಬೋಮಿ ಅವನ ಮುಂದೆ ನಿಂತು, ತನ್ನ ಪುಟ್ಟ ಕೈಗಳನ್ನು ಅವನ ಭುಜದ ಮೇಲಿಟ್ಟು, ಇಡೀ ದಿನ ಕೇಳಿಸಿಕೊಂಡಿದ್ದ ದನಿಯಲ್ಲಿ ಹೇಳಿದಳು, "ಇನ್ನೇನು ಬಂದೇಬಿಡ್ತು ಅಪ್ಪ. ಹತ್ತೇ ನಿಮಿಷ."

"ಇಲ್ಲ ಮರಿ," ಅಂದ ಮಾನ್ಸು. "ಇನ್ನೂ ದೂರ ಇದೆ." ಆಮೇಲೆ ಒಂದೇ ಉಸಿರಿಗೆ, "ಅಮ್ಮ ಅಮೆರಿಕಾಗೆ ಹೋಗ್ಲಿಲ್ಲ. ಅಮ್ಮ ತೀರ್ಕೊಂಡ್ಲು. ನೀನು ಅತ್ತೆ ಮನೇಲಿದ್ದಾಗ. ಇನ್ನು ಬರಲ್ಲ."

ಅವಳು ಅವನ ಭುಜದಿಂದ ಕೈ ತೆಗೆಯಲಿಲ್ಲ. "ಗೊತ್ತು," ಎಂದಳು.

"ಅತ್ತೆ ಹೇಳಿದ್ಲಾ?"

"ಯಾರೂ ಹೇಳ್ಲಿಲ್ಲ. ಅಮ್ಮನ ಕನ್ನಡಕ ನಿನ್ನ ಡ್ರಾಯರ್‌ನಲ್ಲಿದೆ. ರಿಮೋಟಿಗೆ ಬ್ಯಾಟರಿ ಹುಡುಕ್ದಾಗ ಸಿಕ್ತು." ಸ್ವಲ್ಪ ತಡೆದು, ದೊಡ್ಡವರಿಗೆ ಗೊತ್ತಿರಬೇಕಾದ್ದನ್ನು ವಿವರಿಸುವವಳ ಹಾಗೆ ಹೇಳಿದಳು, "ಕನ್ನಡಕ ಇಲ್ದೆ ಅಮ್ಮಂಗೆ ಬಸ್ ನಂಬರೂ ಕಾಣ್ಸಲ್ಲ. ಅಮೆರಿಕಾಗೆ ಹೇಗೆ ಹೋಗ್ತಾಳೆ?"

"ಮತ್ತೆ ಎಲ್ಲರ ಹತ್ರ ಯಾಕೆ..."

"ಅಮೆರಿಕಾ ಅಂದ್ರೆ ಆಮೇಲೆ ಯಾರೂ ಕೇಳಲ್ಲ." ಅವಳು ಅವನ ಕಾಲರಿನ ಗುಂಡಿಯನ್ನು ತಿರುಗಿಸುತ್ತಿದ್ದಳು. "ನಿಂಗೂ ಹಾಗೆ ಹೇಳಿದ್ರೇ ಇಷ್ಟ."

ಮಾನ್ಸುವಿಗೆ ಅಳು ಬಂತು. ಸದ್ದಿಲ್ಲದೆ ಅಳಬೇಕೆಂದುಕೊಂಡ, ಆಗಲಿಲ್ಲ. ಅಪ್ಪ ಅಳುವುದನ್ನು ಬೋಮಿ ಒಂದು ಕ್ಷಣ ನೋಡಿದಳು, ಅವಳ ಬಾಯಿ ಅಗಲವಾಯಿತು, ಹೋದ ಶರತ್ಕಾಲದಿಂದ ಇಟ್ಟುಕೊಂಡಿದ್ದ ಅಳುವನ್ನೆಲ್ಲ ಒಮ್ಮೆಲೇ, ಆರು ವರ್ಷದ ಮಗು ಬಿದ್ದಾಗ ಅಳುವ ಹಾಗೆ, ಗಟ್ಟಿಯಾಗಿ, ಮೂಗು ಸುರಿಸಿಕೊಂಡು ಅತ್ತಳು. ಅವನು ಅವಳನ್ನು ಸುಮ್ಮನಿರಿಸಲಿಲ್ಲ. ಆಯ್ತು ಆಯ್ತು, ಇನ್ನೇನಿಲ್ಲ ಎಂದು ಹೇಳಲು ಬಾಯಿಗೆ ಬಂದದ್ದನ್ನು ನುಂಗಿಕೊಂಡ.

ಅಳು ತಾನಾಗಿ ಇಳಿದ ಮೇಲೆ ಅವಳು ತೋಳಿನಿಂದ ಮುಖ ಒರೆಸಿಕೊಂಡು ಕೇಳಿದಳು, "ನಿಜ್ವಾಗ್ಲೂ ಎಷ್ಟು ದೂರ?"

ಮಾನ್ಸು ಯೋಚಿಸಿದ. "ಆ ತಿರುವು ದಾಟ್ಬೇಕು. ಆಮೇಲೆ ಒಂದು ಏರು, ಅಲ್ಲಿ ನಿನ್ನ ಕಾಲು ನೋಯುತ್ತೆ. ಆಮೇಲೆ ಮೆಟ್ಟಿಲು ಇಳೀಬೇಕು. ನಂಗೂ ಅಲ್ಲಿ ಕಷ್ಟ ಆಗುತ್ತೆ."

"ಸರಿ," ಎಂದು ಅವಳು ಅವನ ಕೈ ಹಿಡಿದಳು. ಏರಿನಲ್ಲಿ ನಿಜವಾಗಿಯೂ ಅವಳ ಕಾಲಿಗೆ ನೋವು ಬಂತು, ಹೇಳಿದಳು; ಅವನು ಎತ್ತಿಕೊಂಡ, ಭಾರವಾದಾಗ ಭಾರ ಎಂದು ಹೇಳಿ ಇಳಿಸಿದ. ಪೈನ್ ಮರಗಳ ಬುಡದಲ್ಲಿ ಅಂಗೈಯಗಲದ ಫಲಕಗಳಿದ್ದವು. ಬೋಮಿ ಒಂದನ್ನೂ ಬಿಡದೆ ಓದಿದಳು, ಗೊತ್ತಿಲ್ಲದ ಮುದುಕರ, ಮುದುಕಿಯರ ಹೆಸರುಗಳನ್ನು, ಬೆಂಕಿ ಹಚ್ಚಬೇಡಿ ಎಂಬುದನ್ನು ಓದಿದ ಅದೇ ಗಟ್ಟಿ ದನಿಯಲ್ಲಿ. ದಾರಿಯ ಕೊನೆಗಿದ್ದ ಸಣ್ಣ ಮರದ ಹತ್ತಿರ ಮಾನ್ಸು ನಿಂತುಬಿಟ್ಟ, ಅವಳು ಒಬ್ಬಳೇ ಮುಂದೆ ಹೋಗಿ ಕುಕ್ಕರುಗಾಲಲ್ಲಿ ಕೂತು, ಬೆರಳು ಇಟ್ಟುಕೊಂಡು ಓದಿದಳು.

"ನಾಮ್. ಯೊನ್. ಜಿ."

ಫಲಕದ ಮೇಲೆ ಬಿದ್ದಿದ್ದ ಪೈನ್ ಎಲೆಗಳನ್ನು ಒಂದೊಂದಾಗಿ ತೆಗೆದಳು. ಮರವನ್ನು ಬುಡದಿಂದ ತುದಿಯವರೆಗೆ ನೋಡಿದಳು. ಆಮೇಲೆ ತಿರುಗಿ, ಮನೆಯಲ್ಲಿ ಏನನ್ನೋ ಮರೆತು ಬಂದವರನ್ನು ಗದರುವ ದನಿಯಲ್ಲಿ ಹೇಳಿದಳು:

"ಕನ್ನಡಕ ತರ್ಬೇಕಿತ್ತು, ಅಪ್ಪ."